ಎರಡು ಫೋಟಾನ್ ಹೆಣೆದುಕೊಂಡಿವೆ ಎಂದು ಹೇಗೆ ಗೊತ್ತಾಗುತ್ತದೆ?

2022ರ ಭೌತಶಾಸ್ತ್ರದ ನೊಬೆಲ್ ಅಲೈನ್ ಆಸ್ಪೆ, ಜಾನ್ ಕ್ಲೌಸರ್ ಮತ್ತು ಆಂಟನ್ ಝೈಲಿಂಗರ್ ಅವರಿಗೆ ಬಂತು. ಆಗ ಎಲ್ಲಾ ಕಡೆ ಕ್ವಾಂಟಮ್ ಎಂಟ್ಯಾಂಗಲ್‌ಮೆಂಟ್ ಬಗ್ಗೆ ಮಾತು. ದೂರ ದೂರ ಇರುವ ಎರಡು ಕಣಗಳು ಹೆಣೆದುಕೊಂಡಿರುತ್ತವೆ, ಒಂದನ್ನು ಅಳೆದರೆ ಇನ್ನೊಂದರ ಉತ್ತರವೂ ಗೊತ್ತಾಗುತ್ತದೆ ಎಂದು ತುಂಬಾ ಜನ ಓದಿದರು. ಆದರೆ ಈ ಮೂವರು ಕಷ್ಟಪಟ್ಟಿದ್ದು ಇನ್ನೊಂದು ಪ್ರಶ್ನೆಗೆ. ಎರಡು ಫೋಟಾನ್‌ಗಳು, ಅಂದರೆ ಬೆಳಕಿನ ಎರಡು ಕಣಗಳು, ನಿಜವಾಗಿ ಹೆಣೆದುಕೊಂಡಿವೆ ಎಂದು ಪತ್ತೆ ಹಚ್ಚುವುದು ಹೇಗೆ?

ಎಂಟ್ಯಾಂಗಲ್‌ಮೆಂಟ್ ಕಣ್ಣಿಗೆ ಕಾಣುವುದಿಲ್ಲ. ಯಾವ ಮೀಟರಿನ ಮುಳ್ಳೂ ಅದನ್ನು ನೇರವಾಗಿ ತೋರಿಸುವುದಿಲ್ಲ. ಪ್ರಯೋಗಾಲಯದಲ್ಲಿ ಸಿಗುವುದು ಡಿಟೆಕ್ಟರ್‌ಗಳ ಕ್ಲಿಕ್ ಮಾತ್ರ. ಈ ಕಡೆ ಒಂದು ಕ್ಲಿಕ್, ಆ ಕಡೆ ಒಂದು ಕ್ಲಿಕ್, ಅವು ಬಂದ ಸಮಯ. ಅಷ್ಟೇ. ಈ ಕ್ಲಿಕ್‌ಗಳ ಲೆಕ್ಕ ಹಿಡಿದುಕೊಂಡು, ಇದಕ್ಕೆ ಬೇರೆ ವಿವರಣೆಯೇ ಇಲ್ಲ ಎನ್ನುವ ಜಾಗಕ್ಕೆ ತಲುಪಬೇಕು. ನನಗೆ ಕ್ವಾಂಟಮ್ ಭೌತಶಾಸ್ತ್ರದಲ್ಲಿ ಅತ್ಯಂತ ಇಷ್ಟವಾದ ಭಾಗ ಇದು. ಇಲ್ಲಿ ಬೇಕಾಗುವ ಗಣಿತ ಹೈಸ್ಕೂಲಿನದು, ಆದರೆ ಅದು ಹೇಳುವ ವಿಷಯ ಮಾತ್ರ ತುಂಬಾ ದೊಡ್ಡದು.

ಮೊದಲು ಫೋಟಾನನ್ನು ಏನು ಕೇಳುತ್ತೇವೆ ಎಂದು ನೋಡೋಣ. ಬೆಳಕಿನ ಅಲೆ ಮುಂದೆ ಸಾಗುವಾಗ ಅದರ ವಿದ್ಯುತ್ ಕ್ಷೇತ್ರ ಅಡ್ಡಡ್ಡವಾಗಿ ಕಂಪಿಸುತ್ತದೆ. ಆ ಕಂಪನದ ದಿಕ್ಕಿಗೆ ಪೋಲರೈಸೇಶನ್ ಎಂದು ಹೆಸರು. ಪಠ್ಯಪುಸ್ತಕದಲ್ಲಿ ಇದನ್ನೇ ಧ್ರುವೀಕರಣ ಎಂದು ಓದಿರುತ್ತೇವೆ. ಪೋಲರೈಸರ್ ಎಂಬ ಫಿಲ್ಟರನ್ನು ಒಂದು ಕೋನದಲ್ಲಿ ಇಟ್ಟರೆ, ಆ ದಿಕ್ಕಿನ ಬೆಳಕು ಪೂರ್ತಿ ದಾಟುತ್ತದೆ, ಅದಕ್ಕೆ 90 ಡಿಗ್ರಿ ತಿರುಗಿದ ಬೆಳಕು ಪೂರ್ತಿ ತಡೆಯಾಗುತ್ತದೆ. ನಡುವಿನ ಕೋನದಲ್ಲಿ ಸ್ವಲ್ಪ ಬೆಳಕು ದಾಟುತ್ತದೆ. ಆದರೆ ಫೋಟಾನ್ ಒಂದೇ ಒಂದು ಬಂದಾಗ 'ಸ್ವಲ್ಪ' ಎನ್ನುವುದಕ್ಕೆ ಅರ್ಥವಿಲ್ಲ. ಫೋಟಾನ್ ಅರ್ಧ ದಾಟುವುದಿಲ್ಲ. ದಾಟುತ್ತದೆ, ಇಲ್ಲವೇ ದಾಟುವುದಿಲ್ಲ. ಹಾಗಾಗಿ ಕೋನ ನಿರ್ಧರಿಸುವುದು ಸಾಧ್ಯತೆಯನ್ನು. 45 ಡಿಗ್ರಿ ವ್ಯತ್ಯಾಸವಿದ್ದರೆ ದಾಟುವ ಸಾಧ್ಯತೆ ಶೇ 50. 22.5 ಡಿಗ್ರಿ ಇದ್ದರೆ ಸುಮಾರು ಶೇ 85. ಈ 85ನ್ನು ನೆನಪಿಟ್ಟುಕೊಳ್ಳಿ. ಮುಂದೆ ಎಲ್ಲವೂ ಇದರ ಮೇಲೇ ನಿಲ್ಲುತ್ತದೆ.

ಅಂದರೆ ಪೋಲರೈಸರ್ ಇಡುವುದು ಎಂದರೆ ಫೋಟಾನಿಗೆ ಒಂದು ಪ್ರಶ್ನೆ ಕೇಳುವುದು. ಉತ್ತರ ಹೌದು ಅಥವಾ ಇಲ್ಲ. ಕೋನ ಬದಲಿಸಿದರೆ ಪ್ರಶ್ನೆಯೇ ಬದಲಾಗುತ್ತದೆ.

ಜೋಡಿ ಎಲ್ಲಿಂದ ಬರುತ್ತದೆ

ಈಗಿನ ಪ್ರಯೋಗಗಳಲ್ಲಿ ಜೋಡಿ ಫೋಟಾನ್ ಹುಟ್ಟಿಸಲು ಹೆಚ್ಚಾಗಿ ಬಳಸುವುದು ಬಿಬಿಒ ಎಂಬ ಹರಳು, ಅಂದರೆ ಬೀಟಾ ಬೇರಿಯಂ ಬೋರೇಟ್. ಅದರ ಮೇಲೆ 405 ನ್ಯಾನೊಮೀಟರ್ ತರಂಗಾಂತರದ ನೇರಳೆ ಲೇಸರ್ ಬಿಡುತ್ತಾರೆ. ಬಹುಪಾಲು ಬೆಳಕು ಹರಳನ್ನು ದಾಟಿ ಸುಮ್ನೆ ಮುಂದೆ ಹೋಗುತ್ತದೆ. ತೀರಾ ಅಪರೂಪಕ್ಕೆ ಒಂದು ನೇರಳೆ ಫೋಟಾನ್ ಒಡೆದು 810 ನ್ಯಾನೊಮೀಟರಿನ ಎರಡು ಫೋಟಾನ್ ಆಗುತ್ತದೆ. ಎರಡರ ಶಕ್ತಿ ಕೂಡಿಸಿದರೆ ಮೊದಲಿನ ಫೋಟಾನಿನ ಶಕ್ತಿಯೇ ಬರುತ್ತದೆ. ಎಷ್ಟು ಅಪರೂಪ ಗೊತ್ತಾ? 5 ಮಿಲಿವ್ಯಾಟ್‌ನ ಲೇಸರ್ ಒಂದು ಸೆಕೆಂಡಿಗೆ ಸುಮಾರು ನೂರು ಕೋಟಿ ಕೋಟಿ ಫೋಟಾನ್ ಕಳಿಸುತ್ತದೆ. ಸಾಧಾರಣ ಮೇಜಿನ ಮೇಲಿನ ಪ್ರಯೋಗದಲ್ಲಿ ಅದರಿಂದ ಕೈಗೆ ಸಿಗುವ ಜೋಡಿಗಳನ್ನು ಸಾವಿರಗಳಲ್ಲಿ ಎಣಿಸಬಹುದು.

ಜೋಡಿ ಹುಟ್ಟಿದ ಮಾತ್ರಕ್ಕೆ ಅದು ಪೋಲರೈಸೇಶನ್‌ನಲ್ಲಿ ಹೆಣೆದುಕೊಂಡಿರುವುದಿಲ್ಲ. ಒಂದು ಹರಳು ತನ್ನಷ್ಟಕ್ಕೆ ಎರಡೂ ಅಡ್ಡ ದಿಕ್ಕಿನ ಫೋಟಾನ್‌ಗಳನ್ನು ಕೊಟ್ಟರೆ ಅದರಲ್ಲಿ ವಿಶೇಷವೇನೂ ಇಲ್ಲ. 1999ರಲ್ಲಿ ಪಾಲ್ ಕ್ವಿಯಾಟ್ ಮತ್ತು ಸಂಗಡಿಗರು ಒಂದು ಸರಳ ಉಪಾಯ ತೋರಿಸಿದರು. ತೆಳುವಾದ ಎರಡು ಹರಳುಗಳನ್ನು 90 ಡಿಗ್ರಿ ತಿರುಗಿಸಿ ಒಂದಕ್ಕೊಂದು ಅಂಟಿಸಿಡುವುದು. ಒಂದು ಹರಳಿನಲ್ಲಿ 'ಎರಡೂ ಅಡ್ಡ' ಜೋಡಿ ಹುಟ್ಟುತ್ತದೆ, ಇನ್ನೊಂದರಲ್ಲಿ 'ಎರಡೂ ಲಂಬ' ಜೋಡಿ. ಲೇಸರಿನ ಪೋಲರೈಸೇಶನ್ 45 ಡಿಗ್ರಿಗೆ ಇಟ್ಟರೆ ಎರಡೂ ಹರಳುಗಳಿಗೆ ಸಮಾನ ಅವಕಾಶ. ಜೋಡಿ ಯಾವ ಹರಳಿನಲ್ಲಿ ಹುಟ್ಟಿತು ಎಂದು ಹೇಳುವ ಯಾವ ಗುರುತೂ ಎಲ್ಲೂ ಉಳಿಯಬಾರದು. ಗುರುತು ಉಳಿಯದಿದ್ದರೆ ಎರಡೂ ಸಾಧ್ಯತೆಗಳು ಒಟ್ಟಿಗೇ ಬದುಕಿರುತ್ತವೆ. ಅದೇ ಎಂಟ್ಯಾಂಗಲ್‌ಮೆಂಟ್. ಗುರುತು ಉಳಿದರೆ, ಅದನ್ನು ಯಾರೂ ಓದದಿದ್ದರೂ, ಹೆಣಿಗೆ ಬಿಚ್ಚಿಹೋಗುತ್ತದೆ. ಒಂದು ಹರಳಿನ ಬೆಳಕು ಸ್ವಲ್ಪ ತಡವಾಗಿ ಹೊರಬಂದರೂ ಸಾಕು, ಆ ತಡವೇ ಗುರುತು. ಅದಕ್ಕೇ ಆ ವ್ಯತ್ಯಾಸವನ್ನು ಸರಿದೂಗಿಸಲು ಇನ್ನೊಂದು ಹರಳಿನ ತುಂಡನ್ನು ಲೇಸರಿನ ದಾರಿಯಲ್ಲಿ ಇಡುತ್ತಾರೆ.

ಇನ್ನು ಎಣಿಕೆ. ಎರಡೂ ಕಡೆ ಸಿಲಿಕಾನ್ ಅವಲಾಂಚ್ ಫೋಟೋಡಯೋಡ್‌ಗಳಿರುತ್ತವೆ. ಒಂದು ಫೋಟಾನ್ ಬಿದ್ದರೂ ವಿದ್ಯುತ್ತಿನ ಒಂದು ಪಲ್ಸ್ ಕೊಡುತ್ತವೆ. ಆದರೆ ಕೋಣೆಯ ಬೆಳಕಿಗೂ ಕ್ಲಿಕ್ ಆಗುತ್ತದೆ, ಡಿಟೆಕ್ಟರಿನ ಸ್ವಂತ ಬಿಸಿಗೂ ಆಗುತ್ತದೆ. ಹಾಗಾಗಿ ಎರಡೂ ಕಡೆ ಕೆಲವೇ ನ್ಯಾನೊಸೆಕೆಂಡ್ ಒಳಗೆ ಒಟ್ಟಿಗೆ ಬಂದ ಕ್ಲಿಕ್‌ಗಳನ್ನು ಮಾತ್ರ ಜೋಡಿ ಎಂದು ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ. ಇದಕ್ಕೆ ಕೋಇನ್ಸಿಡೆನ್ಸ್ ಎಣಿಕೆ ಎನ್ನುತ್ತಾರೆ. ಅದರಲ್ಲೂ ಆಕಸ್ಮಿಕವಾಗಿ ಒಟ್ಟಿಗೆ ಬಿದ್ದವು ಸೇರಿಕೊಳ್ಳುತ್ತವೆ. ಎರಡೂ ಕಡೆ ಸೆಕೆಂಡಿಗೆ 50,000 ಕ್ಲಿಕ್, ಒಟ್ಟಿಗೆ ಬಂದವು ಎಂದು ಒಪ್ಪುವ ಸಮಯದ ಕಿಟಕಿ 5 ನ್ಯಾನೊಸೆಕೆಂಡ್ ಎಂದುಕೊಳ್ಳಿ. ಮೂರನ್ನೂ ಗುಣಿಸಿದರೆ 12.5. ಅಂದರೆ ಪ್ರತಿ ಸೆಕೆಂಡಿಗೆ ಹತ್ತು ಹನ್ನೆರಡು ಸುಳ್ಳು ಜೋಡಿ. ನಿಜವಾದ ಜೋಡಿಗಳು ಸಾವಿರವಿದ್ದರೆ ಇದು ಚಿಂತೆಯಲ್ಲ. ಐವತ್ತೇ ಇದ್ದರೆ ದೊಡ್ಡ ಚಿಂತೆ.

ಉತ್ತರ ಒಂದೇ ಬಂದರೆ ಸಾಲದು

ಈಗ ಎರಡೂ ಕಡೆ ಪೋಲರೈಸರನ್ನು ಅಡ್ಡ ದಿಕ್ಕಿಗೆ ಇಟ್ಟು ಎಣಿಸೋಣ. ಒಂದು ದಾಟಿದಾಗ ಇನ್ನೊಂದೂ ದಾಟುತ್ತದೆ. ಒಂದು ತಡೆಯಾದಾಗ ಇನ್ನೊಂದೂ ತಡೆಯಾಗುತ್ತದೆ. ಪ್ರತಿ ಸಲವೂ ಉತ್ತರ ಒಂದೇ. ಎಂಟ್ಯಾಂಗಲ್‌ಮೆಂಟ್ ಸಿಕ್ಕಿಬಿಟ್ಟಿತು ಅನ್ನಿಸುತ್ತದೆ, ಅಲ್ವಾ? ಇಲ್ಲ. ಒಂದು ಪೆಟ್ಟಿಗೆ ಸುಮ್ನೆ ಅರ್ಧ ಸಲ 'ಎರಡೂ ಅಡ್ಡ', ಅರ್ಧ ಸಲ 'ಎರಡೂ ಲಂಬ' ಫೋಟಾನ್‌ಗಳನ್ನು ಕಳಿಸಿದರೂ ಇದೇ ಫಲಿತಾಂಶ ಬರುತ್ತದೆ. ಅಲ್ಲಿ ಯಾವ ಹೆಣಿಗೆಯೂ ಇಲ್ಲ. ಬರೀ ಬೆರಕೆ. ಜನಪ್ರಿಯ ಬರಹಗಳು ಇಲ್ಲಿಗೇ ನಿಂತುಬಿಡುವುದು ನನಗೆ ಬೇಸರದ ಸಂಗತಿ, ಏಕೆಂದರೆ ನಿಜವಾದ ವಿಷಯ ಶುರುವಾಗುವುದೇ ಇಲ್ಲಿಂದ.

ವ್ಯತ್ಯಾಸ ಗೊತ್ತಾಗುವುದು ಎರಡೂ ಪೋಲರೈಸರ್‌ಗಳನ್ನು 45 ಡಿಗ್ರಿಗೆ ತಿರುಗಿಸಿದಾಗ. ಬೆರಕೆ ಪೆಟ್ಟಿಗೆಯ ಫೋಟಾನ್‌ಗಳಿಗೆ 45 ಡಿಗ್ರಿಯ ಪ್ರಶ್ನೆ ಹೊಸದು. ಎರಡೂ ಪ್ರತ್ಯೇಕವಾಗಿ, ಅರ್ಧಕ್ಕೆ ಅರ್ಧ ಸಾಧ್ಯತೆಯಲ್ಲಿ ಉತ್ತರಿಸುತ್ತವೆ. ಹೊಂದಾಣಿಕೆ ಪೂರ್ತಿ ಮಾಯ. ಹೆಣೆದುಕೊಂಡ ಜೋಡಿಯಲ್ಲಿ ಮಾತ್ರ 45 ಡಿಗ್ರಿಯಲ್ಲೂ ಉತ್ತರ ಪ್ರತಿ ಸಲ ಒಂದೇ ಬರುತ್ತದೆ.

ಹಾಗಾಗಿ ಪ್ರಯೋಗ ಮಾಡುವವರು ಮೊದಲು ನೋಡುವುದು ವಿಸಿಬಿಲಿಟಿ ಎಂಬ ಸಂಖ್ಯೆಯನ್ನು. ಒಂದು ಪೋಲರೈಸರನ್ನು 45ಕ್ಕೆ ನಿಲ್ಲಿಸಿ, ಇನ್ನೊಂದನ್ನು ಮೆಲ್ಲಗೆ ತಿರುಗಿಸುತ್ತಾರೆ. ಜೋಡಿ ಎಣಿಕೆ ಏರುತ್ತದೆ, ಇಳಿಯುತ್ತದೆ. ಅತಿ ಹೆಚ್ಚು 980, ಅತಿ ಕಡಿಮೆ 20 ಬಂತು ಎಂದುಕೊಳ್ಳಿ. ವ್ಯತ್ಯಾಸ 960, ಮೊತ್ತ 1000. ಭಾಗಿಸಿದರೆ 0.96. ಬೆರಕೆ ಪೆಟ್ಟಿಗೆಯಾಗಿದ್ದರೆ ಇಲ್ಲಿ ಎಣಿಕೆ ಏರದೆ ಇಳಿಯದೆ ಒಂದೇ ಮಟ್ಟದಲ್ಲಿ ಇರುತ್ತಿತ್ತು, ವಿಸಿಬಿಲಿಟಿ ಸೊನ್ನೆ.

ಇದರ ಹಿಂದೆ ಒಂದು ಸೊಗಸಾದ ನಿಯಮ ಇದೆ. ಹೆಣೆದುಕೊಳ್ಳದ ಯಾವುದೇ ಜೋಡಿಗೆ, ಅಡ್ಡ-ಲಂಬ ಪ್ರಶ್ನೆಯ ಹೊಂದಾಣಿಕೆ ಮತ್ತು 45 ಡಿಗ್ರಿ ಪ್ರಶ್ನೆಯ ಹೊಂದಾಣಿಕೆ, ಎರಡನ್ನೂ ಕೂಡಿಸಿದರೆ 1ನ್ನು ಮೀರುವುದಿಲ್ಲ. (ಇಲ್ಲಿ ಹೊಂದಾಣಿಕೆ ಎಂದರೆ ಉತ್ತರ ಹೊಂದಿದ ಪಾಲಿನಿಂದ ಹೊಂದದ ಪಾಲನ್ನು ಕಳೆದು ಬರುವ ಸಂಖ್ಯೆ.) ಒಂದರಲ್ಲಿ ಗೆದ್ದರೆ ಇನ್ನೊಂದರಲ್ಲಿ ಸೋಲಲೇಬೇಕು. ಮೊತ್ತ 1ನ್ನು ಮೀರಿದರೆ ಎಂಟ್ಯಾಂಗಲ್‌ಮೆಂಟ್ ಇದೆ ಎಂದೇ ಅರ್ಥ. ಇಂಥ ಪರೀಕ್ಷೆಗಳಿಗೆ ಎಂಟ್ಯಾಂಗಲ್‌ಮೆಂಟ್ ವಿಟ್ನೆಸ್ ಎಂದು ಹೆಸರು. ಎರಡೇ ಬಗೆಯ ಅಳತೆಯಲ್ಲಿ ಕೆಲಸ ಮುಗಿಯುತ್ತದೆ. ದಿನನಿತ್ಯದ ಕೆಲಸಕ್ಕೆ, ಹರಳು ಸರಿಯಾಗಿ ಕೂತಿದೆಯೇ ಎಂದು ನೋಡುವುದಕ್ಕೆ, ಇದು ಸಾಕು.

ಆದರೆ ಐನ್‌ಸ್ಟೈನ್‌ಗೆ ಇದು ಸಾಕಾಗುತ್ತಿರಲಿಲ್ಲ.

ಮೊದಲೇ ಮಾತಾಡಿಕೊಂಡ ಸಾಕ್ಷಿಗಳು

1935ರಲ್ಲಿ ಐನ್‌ಸ್ಟೈನ್, ಪೊಡೊಲ್ಸ್ಕಿ ಮತ್ತು ರೋಸೆನ್ ಎತ್ತಿದ ಆಕ್ಷೇಪ ಇದು: ದೂರ ಇರುವ ಎರಡು ಕಣಗಳ ಉತ್ತರ ಹೊಂದುತ್ತದೆ ಎಂದರೆ, ಆ ಉತ್ತರಗಳು ಮೊದಲೇ ಅವುಗಳ ಒಳಗೆ ಇದ್ದಿರಬೇಕು. ನಮ್ಮ ಸಿದ್ಧಾಂತಕ್ಕೆ ಅದು ಕಾಣುತ್ತಿಲ್ಲ, ಅಷ್ಟೇ. ಇದು ತೀರಾ ಸಹಜವಾದ ಯೋಚನೆ. ಇಬ್ಬರು ಸಾಕ್ಷಿಗಳನ್ನು ಬೇರೆ ಬೇರೆ ಕೋಣೆಯಲ್ಲಿ ಕೂರಿಸಿ ವಿಚಾರಿಸುತ್ತಿದ್ದೀರಿ ಎಂದುಕೊಳ್ಳಿ. ಇಬ್ಬರ ಹೇಳಿಕೆಯೂ ಅಕ್ಷರಕ್ಕೆ ಅಕ್ಷರ ಹೊಂದಿದರೆ ಅವರ ನಡುವೆ ಮನಸ್ಸಿನ ಸಂಪರ್ಕವಿದೆ ಎಂದು ಯಾರೂ ಹೇಳುವುದಿಲ್ಲ. ಹೊರಗೇ ಮಾತಾಡಿಕೊಂಡು ಬಂದಿದ್ದಾರೆ ಎನ್ನುತ್ತೇವೆ.

ಫೋಟಾನ್‌ಗಳೂ ಹೀಗೆ ಒಂದು ಗುಟ್ಟಿನ ಪಟ್ಟಿ ಇಟ್ಟುಕೊಂಡು ಹೊರಟಿರಬಹುದು. 'ಅಡ್ಡ ಕೇಳಿದರೆ ಹೌದು ಅನ್ನು, 45 ಕೇಳಿದರೆ ಇಲ್ಲ ಅನ್ನು.' ಎರಡರ ಬಳಿಯೂ ಅದೇ ಪಟ್ಟಿ ಇದ್ದರೆ, ಎರಡೂ ಕೋನಗಳಲ್ಲಿ ಹೊಂದಾಣಿಕೆ ನೂರಕ್ಕೆ ನೂರು. ಅಂದರೆ ಮೇಲೆ ಹೇಳಿದ ವಿಟ್ನೆಸ್ ಪರೀಕ್ಷೆಯಲ್ಲಿ ಪಟ್ಟಿ ಇಟ್ಟುಕೊಂಡ ಫೋಟಾನ್‌ಗಳೂ ಪಾಸಾಗುತ್ತವೆ! ಕಾರಣ ಸ್ಪಷ್ಟ. ಆ ಪರೀಕ್ಷೆ ಕ್ವಾಂಟಮ್ ನಿಯಮ ಸರಿ, ನನ್ನ ಉಪಕರಣವೂ ಸರಿ ಎಂದು ಮೊದಲೇ ನಂಬಿಕೊಂಡು ಹೊರಡುತ್ತದೆ. ಪ್ರಶ್ನೆ ಇರುವುದೇ ಕ್ವಾಂಟಮ್ ನಿಯಮದ ಮೇಲೆ ಆದರೆ ಅದನ್ನು ನಂಬಿ ಹೊರಡುವ ಪರೀಕ್ಷೆಯಿಂದ ಪ್ರಯೋಜನವಿಲ್ಲ.

ಉತ್ತರ ಬಂದಿದ್ದು 1964ರಲ್ಲಿ. ಬೆಲ್‌ಫಾಸ್ಟ್ ಮೂಲದ ಜಾನ್ ಬೆಲ್ ಆಗ ಜಿನೀವಾದ ಸರ್ನ್‌ನಲ್ಲಿ ಕೆಲಸದಲ್ಲಿದ್ದರು. ಅವರ ಒಳನೋಟ ಇಷ್ಟು: ಸಾಕ್ಷಿಗಳಿಗೆ ಒಂದೇ ಪ್ರಶ್ನೆ ಕೇಳಬೇಡಿ. ಹತ್ತಿರ ಹತ್ತಿರದ, ಆದರೆ ಬೇರೆ ಬೇರೆ ಪ್ರಶ್ನೆ ಕೇಳಿ. ಪಟ್ಟಿ ಎಷ್ಟೇ ಜಾಣತನದಿಂದ ಬರೆದಿದ್ದರೂ, ಅದರಿಂದ ಬರುವ ಹೊಂದಾಣಿಕೆಗೆ ಒಂದು ಮಿತಿ ಇರುತ್ತದೆ.

ಇದನ್ನು ನಿಧಾನವಾಗಿ ನೋಡೋಣ. ಎಡಗಡೆಯ ಫೋಟಾನಿಗೆ ಎರಡು ಪ್ರಶ್ನೆ: 0 ಡಿಗ್ರಿ ಅಥವಾ 45 ಡಿಗ್ರಿ. ಬಲಗಡೆಯದಕ್ಕೆ ಇನ್ನೆರಡು: 22.5 ಅಥವಾ 67.5. ಪ್ರತಿ ಜೋಡಿಗೂ ಈ ಕಡೆ ಒಂದು, ಆ ಕಡೆ ಒಂದು ಪ್ರಶ್ನೆ ಮಾತ್ರ ಕೇಳಲಾಗುತ್ತದೆ. ಯಾವುದು ಎಂಬುದು ಆಯಾ ಸಲದ ಅದೃಷ್ಟ.

ಈ ನಾಲ್ಕು ಕೋನಗಳನ್ನು ಸಾಲಾಗಿ ಬರೆಯಿರಿ: 0, 22.5, 45, 67.5. ಅಕ್ಕಪಕ್ಕದ ಪ್ರತಿ ಎರಡು ಕೋನಗಳ ನಡುವೆ 22.5 ಡಿಗ್ರಿ. ಅಷ್ಟು ವ್ಯತ್ಯಾಸವಿದ್ದಾಗ ಉತ್ತರಗಳು ಶೇ 85ರಷ್ಟು ಸಲ ಹೊಂದುತ್ತವೆ ಎಂದು ಪ್ರಯೋಗ ಹೇಳುತ್ತದೆ. ಅಂದರೆ ತಪ್ಪುವುದು ಶೇ 15ಕ್ಕಿಂತ ತುಸು ಕಡಿಮೆ, ಸರಿಯಾಗಿ ಹೇಳಬೇಕೆಂದರೆ ಶೇ 14.6.

ಈಗ ಪಟ್ಟಿ ಇದೆ ಎಂದು ಒಪ್ಪಿಕೊಳ್ಳೋಣ. ಪಟ್ಟಿಯಲ್ಲಿ ನಾಲ್ಕೂ ಕೋನಗಳಿಗೆ ಉತ್ತರ ಬರೆದಿದೆ. 0ಯ ಉತ್ತರಕ್ಕೂ 67.5ರ ಉತ್ತರಕ್ಕೂ ವ್ಯತ್ಯಾಸ ಬರಬೇಕೆಂದರೆ, ನಡುವೆ ಎಲ್ಲೋ ಒಂದು ಕಡೆ ಉತ್ತರ ಬದಲಾಗಿರಲೇಬೇಕು. 0ಯಿಂದ 22.5ಕ್ಕೆ ಬರುವಾಗ ಆಗಿರಬೇಕು, ಅಥವಾ 22.5ರಿಂದ 45ಕ್ಕೆ, ಅಥವಾ 45ರಿಂದ 67.5ಕ್ಕೆ. ಪ್ರತಿ ಹೆಜ್ಜೆಯಲ್ಲೂ ಬದಲಾವಣೆ ಶೇ 14.6 ಸಲ ಮಾತ್ರ. ಮೂರು ಹೆಜ್ಜೆ ಕೂಡಿಸಿದರೂ ಶೇ 44 ದಾಟುವುದಿಲ್ಲ. ಹಾಗಾಗಿ 0 ಮತ್ತು 67.5ರ ಉತ್ತರಗಳು ಹೆಚ್ಚೆಂದರೆ ಶೇ 44 ಸಲ ಬೇರೆಯಾಗಬಹುದು.

ಪ್ರಯೋಗದಲ್ಲಿ? ಶೇ 85 ಸಲ ಬೇರೆಯಾಗುತ್ತವೆ.

ಒಮ್ಮೆ ನಿಂತು ಇದನ್ನು ಇನ್ನೊಮ್ಮೆ ಓದಿ. ಇಲ್ಲಿ ಕ್ವಾಂಟಮ್ ಸೂತ್ರ ಯಾವುದೂ ಇಲ್ಲ. ಬರೀ ಕೂಡಿಸುವ ಲೆಕ್ಕ. ಉತ್ತರಗಳು ಮೊದಲೇ ಬರೆದಿದ್ದರೆ, ಮತ್ತು ಈ ಕಡೆಯ ಪ್ರಶ್ನೆ ಆ ಕಡೆಯ ಉತ್ತರವನ್ನು ಬದಲಿಸದಿದ್ದರೆ, 44ಕ್ಕಿಂತ ಜಾಸ್ತಿ ಬರಲು ಸಾಧ್ಯವಿಲ್ಲ. ಬರುತ್ತಿರುವುದು 85. ಹಾಗಾದರೆ ಪಟ್ಟಿ ಇಲ್ಲ.

ಪ್ರಯೋಗದ ವರದಿಗಳಲ್ಲಿ ಇದೇ ಲೆಕ್ಕ ಸ್ವಲ್ಪ ಬೇರೆ ರೂಪದಲ್ಲಿ ಬರುತ್ತದೆ. ಕ್ಲೌಸರ್, ಹಾರ್ನ್, ಶಿಮೊನಿ ಮತ್ತು ಹೋಲ್ಟ್ 1969ರಲ್ಲಿ ಬೆಲ್ ಮಾತನ್ನು ಪ್ರಯೋಗಾಲಯಕ್ಕೆ ಹೊಂದುವಂತೆ ತಿದ್ದಿ ಬರೆದರು. ನಾಲ್ವರ ಹೆಸರಿನ ಮೊದಲ ಅಕ್ಷರ ಸೇರಿಸಿ ಅದನ್ನು ಸಿಎಚ್‌ಎಸ್‌ಎಚ್ ಎನ್ನುತ್ತಾರೆ. ಪ್ರತಿ ಕೋನದ ಜೋಡಿಗೂ, ಉತ್ತರ ಹೊಂದಿದ ಪಾಲಿನಿಂದ ಹೊಂದದ ಪಾಲನ್ನು ಕಳೆಯಬೇಕು. ಶೇ 85 ಹೊಂದಿ, 15 ತಪ್ಪಿದರೆ ಸುಮಾರು 0.7 ಸಿಗುತ್ತದೆ. ಮೂರು ಕೋನದ ಜೋಡಿಗಳ ಸಂಖ್ಯೆ ಕೂಡಿಸಿ, ನಾಲ್ಕನೆಯದನ್ನು (0 ಮತ್ತು 67.5) ಕಳೆದರೆ ಬರುವುದು ಎಸ್ ಎಂಬ ಸಂಖ್ಯೆ. ಪಟ್ಟಿ ಇಟ್ಟುಕೊಂಡವರಿಗೆ ಎಸ್ 2ನ್ನು ಮೀರುವುದಿಲ್ಲ. ಕ್ವಾಂಟಮ್ ಸಿದ್ಧಾಂತ 2.828ರವರೆಗೆ ಬಿಡುತ್ತದೆ. ಅದಕ್ಕಿಂತ ಮೇಲೆ ಅದೂ ಹೋಗುವುದಿಲ್ಲ ಎಂದು 1980ರಲ್ಲಿ ಬೋರಿಸ್ ಸಿರೆಲ್ಸನ್ ತೋರಿಸಿದರು. ಹಾಗಾಗಿ ಪ್ರಯೋಗಾಲಯದಲ್ಲಿ ಎಲ್ಲರ ಕಣ್ಣೂ 2 ಎಂಬ ಗೆರೆಯ ಮೇಲೆ.

ಮುಖ್ಯವಾಗಿ, ಎಸ್ 2ನ್ನು ದಾಟಬೇಕಾದರೆ ಜೋಡಿಯ ಗುಣಮಟ್ಟ ಚೆನ್ನಾಗಿರಬೇಕು. ಎಲ್ಲಾ ಕೋನಗಳಲ್ಲೂ ಒಂದೇ ರೀತಿ ಗದ್ದಲ, ಅಂದರೆ ಹೊಂದಾಣಿಕೆಯಿಲ್ಲದ ಕ್ಲಿಕ್‌ಗಳು, ಬೆರೆತಿದ್ದರೆ, ವಿಸಿಬಿಲಿಟಿ 0.71ಕ್ಕಿಂತ ಮೇಲಿರಬೇಕು. 0.65 ಇದ್ದರೆ ದಾಟುವುದಿಲ್ಲ. ಆದರೆ ಅಲ್ಲೂ ಎಂಟ್ಯಾಂಗಲ್‌ಮೆಂಟ್ ಇದೆ! ಮೇಲಿನ ವಿಟ್ನೆಸ್ ಲೆಕ್ಕ ನೋಡಿ: 0.65 ಮತ್ತು 0.65 ಕೂಡಿಸಿದರೆ 1.3. ಸಿಎಚ್‌ಎಸ್‌ಎಚ್ ಪರೀಕ್ಷೆಯಲ್ಲಿ ಫೇಲಾದ ಜೋಡಿ ಹೆಣೆದುಕೊಂಡಿಲ್ಲ ಎನ್ನುವ ಹಾಗಿಲ್ಲ. ಜರ್ಮನಿಯ ರೈನ್‌ಹಾರ್ಡ್ ವರ್ನರ್ 1989ರಲ್ಲೇ ತೋರಿಸಿದ್ದು ಇಂಥ ಸ್ಥಿತಿಗಳನ್ನು: ನಿಜವಾಗಿ ಹೆಣೆದುಕೊಂಡಿವೆ, ಆದರೂ ಅವುಗಳ ಉತ್ತರಗಳನ್ನು ಪಟ್ಟಿಯಿಂದಲೇ ವಿವರಿಸಿಬಿಡಬಹುದು. ಈ ಬಗೆಯ ಗದ್ದಲದಲ್ಲಿ ವಿಸಿಬಿಲಿಟಿ ಮೂರನೇ ಒಂದಕ್ಕೆ ಇಳಿಯುವವರೆಗೂ ಎಂಟ್ಯಾಂಗಲ್‌ಮೆಂಟ್ ಉಳಿದಿರುತ್ತದೆ. ಅಷ್ಟು ಕ್ಷೀಣವಾದದ್ದನ್ನು ಹಿಡಿಯಲು ಟೊಮೊಗ್ರಫಿ ಮಾಡುತ್ತಾರೆ. ಎರಡೂ ಕಡೆ ಬೇರೆ ಬೇರೆ ಪೋಲರೈಸೇಶನ್‌ಗಳಲ್ಲಿ ಒಟ್ಟು 16 ಬಗೆಯ ಎಣಿಕೆ ತೆಗೆದುಕೊಂಡು, ಜೋಡಿಯ ಪೂರ್ತಿ ಕ್ವಾಂಟಮ್ ಸ್ಥಿತಿಯನ್ನೇ ಕಟ್ಟಿಕೊಳ್ಳುತ್ತಾರೆ. ಆಮೇಲೆ 1996ರಲ್ಲಿ ಆಶರ್ ಪೆರೆಸ್ ಮತ್ತು ಹೊರೊಡೆಕಿ ಕುಟುಂಬದವರು ಕೊಟ್ಟ ಗಣಿತದ ಪರೀಕ್ಷೆಯನ್ನು ಅದಕ್ಕೆ ಹಚ್ಚಿದರೆ, ಎರಡು ಫೋಟಾನ್‌ಗಳ ಪೋಲರೈಸೇಶನ್ ಮಟ್ಟಿಗೆ ಹೌದು ಅಥವಾ ಇಲ್ಲ ಎಂಬ ಖಚಿತ ಉತ್ತರ ಬರುತ್ತದೆ. ಮೂರೋ ನಾಲ್ಕೋ ಫೋಟಾನ್ ಸೇರಿದರೆ ಕಥೆ ಇಷ್ಟು ಸುಲಭವಲ್ಲ.

ಕ್ಯಾಲ್ಸಿಯಂ ಆವಿಯಿಂದ ವಿಯೆನ್ನಾದ ಅರಮನೆಯವರೆಗೆ

ಬೆಲ್ ಬರೆದಾಗ ಇದನ್ನು ಪ್ರಯೋಗ ಮಾಡಿ ನೋಡುವ ಆಸಕ್ತಿ ಹೆಚ್ಚಿನವರಿಗೆ ಇರಲಿಲ್ಲ. ಕ್ಲೌಸರ್‌ಗೆ ಇತ್ತು. ಬರ್ಕ್ಲಿಯಲ್ಲಿ ಸ್ಟುವರ್ಟ್ ಫ್ರೀಡ್‌ಮನ್ ಎಂಬ ವಿದ್ಯಾರ್ಥಿಯ ಜೊತೆ ಸೇರಿ ಅವರು ಉಪಕರಣ ಕಟ್ಟಿದರು. ಆಗ ಬಿಬಿಒ ಹರಳು ಇರಲಿಲ್ಲ. ಕ್ಯಾಲ್ಸಿಯಂ ಪರಮಾಣುಗಳನ್ನು ಉದ್ರೇಕಿಸಿದರೆ ಅವು ಕೆಳಗಿಳಿಯುವಾಗ ಒಂದು ಹಸಿರು ಫೋಟಾನ್ (551 ನ್ಯಾನೊಮೀಟರ್), ಹಿಂದೆಯೇ ಒಂದು ನೇರಳೆ ಫೋಟಾನ್ (423 ನ್ಯಾನೊಮೀಟರ್) ಬಿಡುತ್ತವೆ. ಆದರೆ ಫೋಟಾನ್‌ಗಳು ಎಲ್ಲಾ ದಿಕ್ಕಿಗೂ ಚೆಲ್ಲುತ್ತವೆ. ಎರಡೂ ಸರಿಯಾಗಿ ಡಿಟೆಕ್ಟರಿಗೆ ಬರುವುದು ಅಪರೂಪ. ಸುಮಾರು 200 ಗಂಟೆ ಎಣಿಕೆ ಮಾಡಿ 1972ರಲ್ಲಿ ಫಲಿತಾಂಶ ಕೊಟ್ಟರು. ಪಟ್ಟಿಯ ಮಿತಿ ಮುರಿದಿತ್ತು.

ಅದೇ ಸಮಯಕ್ಕೆ ಹಾರ್ವರ್ಡ್‌ನಲ್ಲಿ ಹೋಲ್ಟ್ ಮತ್ತು ಪಿಪ್ಕಿನ್ ಪಾದರಸದ ಆವಿಯಿಂದ ಇಂಥದೇ ಪ್ರಯೋಗ ಮಾಡಿದರು. ಅವರಿಗೆ ಬಂದಿದ್ದು ಉಲ್ಟಾ ಉತ್ತರ. ಮಿತಿ ಮುರಿಯಲಿಲ್ಲ. ಕ್ಲೌಸರ್ ಸ್ವತಃ 1976ರಲ್ಲಿ ಪಾದರಸದಲ್ಲೇ ಮತ್ತೆ ಮಾಡಿ ನೋಡಿದರು, ಮಿತಿ ಮುರಿಯಿತು. ಹಾರ್ವರ್ಡ್ ಪ್ರಯೋಗದಲ್ಲಿ ಪಾದರಸ ತುಂಬಿದ್ದ ಗಾಜಿನ ಬುರುಡೆಯ ಗೋಡೆಯಲ್ಲಿ ಒತ್ತಡ ಉಳಿದಿದ್ದು ಆಮೇಲೆ ಪತ್ತೆಯಾಯಿತು. ಅಂಥ ಗಾಜು ಬೆಳಕಿನ ಪೋಲರೈಸೇಶನ್ ಅನ್ನೇ ಕೆಡಿಸುತ್ತದೆ. ಒಂದು ಗಾಜಿನ ಗೋಡೆ ಕ್ವಾಂಟಮ್ ಸಿದ್ಧಾಂತವೇ ತಪ್ಪು ಎನ್ನುವಂತೆ ಮಾಡಬಲ್ಲದು. ಈ ಕ್ಷೇತ್ರದಲ್ಲಿ ಗಾಜು, ಅಂಟು, ಸ್ಕ್ರೂ ಎಲ್ಲಕ್ಕೂ ಅಷ್ಟು ಬೆಲೆ ಇದೆ.

ಆದರೂ ಎರಡು ಸಂದು ಉಳಿದಿದ್ದವು. ಮೊದಲನೆಯದು, ಪ್ರಶ್ನೆಗಳು ಮೊದಲೇ ನಿಗದಿಯಾಗಿದ್ದರೆ ಸಾಕ್ಷಿಗಳಿಗೆ ಸುದ್ದಿ ಸೋರಬಹುದು. ಪೋಲರೈಸರ್ ಒಂದೇ ಕೋನದಲ್ಲಿ ಗಂಟೆಗಟ್ಟಲೆ ಕೂತಿದ್ದರೆ ಆ ಮಾಹಿತಿ ಈ ಕಡೆಯಿಂದ ಆ ಕಡೆಗೆ ತಲುಪಲು ಬೇಕಾದಷ್ಟು ಸಮಯ ಇದೆ. ಪ್ಯಾರಿಸ್ ಬಳಿಯ ಓರ್ಸೆಯಲ್ಲಿ ಆಸ್ಪೆ 1982ರಲ್ಲಿ ಇದಕ್ಕೆ ಉತ್ತರ ಕೊಟ್ಟರು. ಎರಡು ತುದಿಗಳ ನಡುವೆ 12 ಮೀಟರ್. ಬೆಳಕಿಗೆ ಅಷ್ಟು ದೂರಕ್ಕೆ 40 ನ್ಯಾನೊಸೆಕೆಂಡ್ ಬೇಕು. ಅವರ ಸ್ವಿಚ್‌ಗಳು ಸುಮಾರು ಪ್ರತಿ 10 ನ್ಯಾನೊಸೆಕೆಂಡಿಗೆ ಪ್ರಶ್ನೆ ಬದಲಿಸುತ್ತಿದ್ದವು. ಫೋಟಾನ್ ಹೊರಟ ಮೇಲೆ ಪ್ರಶ್ನೆ ನಿರ್ಧಾರವಾಗುತ್ತಿತ್ತು. ಆದರೆ ಆ ಬದಲಾವಣೆ ಒಂದು ತಾಳಕ್ಕೆ ಆಗುತ್ತಿತ್ತು, ಮುಂದಿನದನ್ನು ಊಹಿಸಬಹುದಿತ್ತು. 1998ರಲ್ಲಿ ಝೈಲಿಂಗರ್ ತಂಡದ ಗ್ರೆಗೋರ್ ವೈಸ್ ಮತ್ತಿತರರು ಇನ್ಸ್‌ಬ್ರುಕ್‌ನಲ್ಲಿ 400 ಮೀಟರ್ ಅಂತರದಲ್ಲಿ, ನಿಜವಾದ ಯಾದೃಚ್ಛಿಕ ಸಂಖ್ಯೆಗಳಿಂದ ಕೋನ ಆರಿಸಿ ಈ ಸಂದನ್ನು ಮುಚ್ಚಿದರು. ಎಸ್ 2.73 ಬಂತು.

ಎರಡನೆಯ ಸಂದು ಇನ್ನೂ ಹಟಮಾರಿ. ವೈಸ್ ಪ್ರಯೋಗದಲ್ಲಿ ಜೋಡಿಗಳಲ್ಲಿ ಸುಮಾರು ಶೇ 5 ಮಾತ್ರ ಎಣಿಕೆಗೆ ಸಿಕ್ಕಿದ್ದವು. ಉಳಿದವು ದಾರಿಯಲ್ಲೋ ಡಿಟೆಕ್ಟರಿನಲ್ಲೋ ಕಳೆದುಹೋದವು. ಸಿಕ್ಕವು ಸಿಗದವುಗಳ ನಿಜವಾದ ಮಾದರಿಯೇ? ಕಷ್ಟದ ಪ್ರಶ್ನೆ ಬಂದಾಗ ಸಾಕ್ಷಿ ಸುಮ್ಮನಾಗಿಬಿಟ್ಟರೆ, ಉತ್ತರಿಸಿದವುಗಳ ಲೆಕ್ಕ ಮಾತ್ರ ತೆಗೆದರೆ, ಪಟ್ಟಿ ಇಟ್ಟುಕೊಂಡವರೂ 2ನ್ನು ದಾಟಬಹುದು. ಇದನ್ನು ತಪ್ಪಿಸಲು ಡಿಟೆಕ್ಟರ್ ಮತ್ತು ದಾರಿ ಸೇರಿ ಒಟ್ಟು ದಕ್ಷತೆ ಶೇ 82.8 ದಾಟಬೇಕು. 1993ರಲ್ಲಿ ಫಿಲಿಪ್ ಎಬರ್ಹಾರ್ಡ್ ಅಚ್ಚರಿಯ ಸಂಗತಿ ಕಂಡುಕೊಂಡರು. ಪೂರ್ತಿ ಹೆಣೆದುಕೊಂಡ ಜೋಡಿ ಬಿಟ್ಟು, ಸ್ವಲ್ಪ ಓರೆಯಾಗಿ ಹೆಣೆದುಕೊಂಡ ಜೋಡಿ ಬಳಸಿದರೆ ಶೇ 66.7 ದಾಟಿದರೂ ಸಾಕು. ಹೆಣಿಗೆ ಕಡಿಮೆ ಮಾಡಿದರೆ ಪರೀಕ್ಷೆ ಸುಲಭವಾಗುತ್ತದೆ!

2015ರಲ್ಲಿ ಎರಡೂ ಸಂದು ಒಟ್ಟಿಗೆ ಮುಚ್ಚಿದವು. ನೆದರ್ಲೆಂಡ್ಸ್‌ನ ಡೆಲ್ಫ್ಟ್‌ನಲ್ಲಿ ವಜ್ರದೊಳಗಿನ ಎಲೆಕ್ಟ್ರಾನ್‌ಗಳನ್ನು ಬಳಸಿದರು. ವಿಯೆನ್ನಾ ಮತ್ತು ಅಮೆರಿಕದ ಬೋಲ್ಡರ್‌ನಲ್ಲಿ ಫೋಟಾನ್‌ಗಳನ್ನೇ. ವಿಯೆನ್ನಾದ ಪ್ರಯೋಗ ನಡೆದಿದ್ದು ಹೋಫ್‌ಬರ್ಗ್ ಅರಮನೆಯ ನೆಲಮಾಳಿಗೆಯಲ್ಲಿ, 58 ಮೀಟರ್ ಅಂತರದಲ್ಲಿ. ವಿಯೆನ್ನಾ, ಬೋಲ್ಡರ್ ಎರಡರಲ್ಲೂ ಎಬರ್ಹಾರ್ಡ್ ಹೇಳಿದ ಓರೆ ಜೋಡಿ, ಅತಿ ಶೀತದಲ್ಲಿ ಕೆಲಸ ಮಾಡುವ ಸೂಪರ್‌ಕಂಡಕ್ಟರ್ ಡಿಟೆಕ್ಟರ್‌ಗಳು. ಒಟ್ಟು ದಕ್ಷತೆ ಶೇ 75ರ ಆಸುಪಾಸಿಗೆ ಮುಟ್ಟಿತ್ತು. ಮಿತಿ ದಾಟಿದ್ದು ಕೂದಲೆಳೆಯಷ್ಟು. ಆದರೆ ಕೋಟಿಗಟ್ಟಲೆ ಸಲ ಪರೀಕ್ಷಿಸಿದ್ದರಿಂದ ಅದು ಆಕಸ್ಮಿಕ ಎನ್ನಲು ಜಾಗವೇ ಉಳಿಯಲಿಲ್ಲ.

ಎಲ್ಲರಿಗೂ ಇಷ್ಟು ಕಟ್ಟುನಿಟ್ಟು ಬೇಕಿಲ್ಲ. 2017ರಲ್ಲಿ ಚೀನಾದ ಮೀಸಿಯಸ್ ಉಪಗ್ರಹ 1203 ಕಿಲೋಮೀಟರ್ ದೂರದ ಎರಡು ನೆಲೆಗಳಿಗೆ ಜೋಡಿ ಫೋಟಾನ್ ಕಳಿಸಿತು. ಎಸ್ 2.37 ಬಂತು. ಬಹುಪಾಲು ಫೋಟಾನ್‌ಗಳು ದಾರಿಯಲ್ಲೇ ಹೋದವು, ಎರಡನೆಯ ಸಂದು ಅಲ್ಲಿ ತೆರೆದೇ ಇದೆ. ಅದರಿಂದ ಆ ಸಾಧನೆ ಸಣ್ಣದಾಗುವುದಿಲ್ಲ. ಅವರು ನೋಡಬೇಕಿದ್ದು ಅಷ್ಟು ದೂರ ಹೆಣಿಗೆ ಉಳಿಯುತ್ತದೆಯೇ ಎಂದು. ಬೆಂಗಳೂರಿನ ಸದಾಶಿವನಗರದ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ ಊರ್ಬಸಿ ಸಿನ್ಹಾ ಅವರ ತಂಡ ಇಂಥದೇ ಜೋಡಿ ಫೋಟಾನ್‌ಗಳ ಮೇಲೆ, ಉಪಗ್ರಹ ಸಂವಹನವನ್ನೂ ಗುರಿಯಾಗಿಟ್ಟುಕೊಂಡು, ವರ್ಷಗಳಿಂದ ಕೆಲಸ ಮಾಡುತ್ತಿದೆ. ಕ್ವಾಂಟಮ್ ಬೆಳಕಿನ ಬಗ್ಗೆ ಆಸಕ್ತಿ ಇರುವ ನಮ್ಮ ವಿದ್ಯಾರ್ಥಿಗಳು ದೂರ ಹೋಗಬೇಕಾಗಿಲ್ಲ ಎನ್ನುವುದು ನನಗೆ ಖುಷಿಯ ವಿಷಯ.

ಸಂದು ಮುಚ್ಚುವ ಹಟಕ್ಕೆ ಈಗ ಒಂದು ಪಕ್ಕಾ ಉಪಯೋಗವೂ ಇದೆ. ಗುಪ್ತ ಸಂದೇಶಕ್ಕೆ ಬೇಕಾದ ಕೀಲಿಯನ್ನು ಹೆಣೆದುಕೊಂಡ ಜೋಡಿಗಳಿಂದ ಮಾಡಬಹುದು ಎಂದು ಆರ್ಟೂರ್ ಎಕರ್ಟ್ 1991ರಲ್ಲಿ ಹೇಳಿದರು. ಉಪಕರಣ ಮಾರಿದವರನ್ನೇ ನಂಬುವ ಹಾಗಿಲ್ಲದಿದ್ದರೆ? ಆಗ ವಿಸಿಬಿಲಿಟಿ, ಟೊಮೊಗ್ರಫಿ ಯಾವುದೂ ಕೆಲಸಕ್ಕೆ ಬರುವುದಿಲ್ಲ. ಅವೆಲ್ಲ ಉಪಕರಣವನ್ನು ನಂಬಿಕೊಂಡಿವೆ. ಸಂದುಗಳಿಲ್ಲದೆ ಎಸ್ 2ನ್ನು ಸಾಕಷ್ಟು ಮೀರಿದರೆ ಮಾತ್ರ, ಪೆಟ್ಟಿಗೆಯೊಳಗೆ ಏನೇ ಇರಲಿ, ಕೀಲಿ ಬೇರೆಯವರ ಬಳಿ ಇಲ್ಲ ಎಂದು ಹೇಳಬಹುದು. 2022ರಲ್ಲಿ ಆಕ್ಸ್‌ಫರ್ಡ್‌ನಲ್ಲಿ ಅಯಾನ್‌ಗಳಿಂದ, ಮ್ಯೂನಿಕ್‌ನಲ್ಲಿ ಪರಮಾಣುಗಳಿಂದ ಈ ಬಗೆಯ ಪ್ರಯೋಗ ನಡೆಯಿತು.

ಬರೀ ಫೋಟಾನ್‌ಗಳಿಂದ ದೂರಕ್ಕೆ ಇದನ್ನು ಮಾಡುವುದು ಯಾಕೆ ಕಷ್ಟ ಎಂದು ಈಗ ನೀವೇ ಲೆಕ್ಕ ಹಾಕಬಹುದು. ಒಳ್ಳೆಯ ಆಪ್ಟಿಕಲ್ ಫೈಬರ್‌ನಲ್ಲೂ ಪ್ರತಿ ಕಿಲೋಮೀಟರಿಗೆ ಸುಮಾರು ಶೇ 4.5 ಬೆಳಕು ಕಳೆದುಹೋಗುತ್ತದೆ. ಡಿಟೆಕ್ಟರ್ ನೂರಕ್ಕೆ ನೂರು ಸರಿ ಇದ್ದರೂ, ಪ್ರತಿ ಕಡೆಗೆ 9 ಕಿಲೋಮೀಟರ್ ಹೋಗುವಷ್ಟರಲ್ಲಿ ಉಳಿಯುವುದು ಶೇ 66ರಷ್ಟು. ಎಬರ್ಹಾರ್ಡ್ ಗೆರೆಯ ಕೆಳಗೆ. ಇದನ್ನು ದಾಟುವ ಒಂದು ದಾರಿ ಎಂದರೆ, ಫೋಟಾನ್ ಕ್ಷೇಮವಾಗಿ ತಲುಪಿದೆ ಎಂಬ ಸುದ್ದಿ ಬಂದ ಸಲಗಳನ್ನು ಮಾತ್ರ ಪರೀಕ್ಷೆಗೆ ತೆಗೆದುಕೊಳ್ಳುವುದು. ಡೆಲ್ಫ್ಟ್‌ನವರು 1.3 ಕಿಲೋಮೀಟರ್ ಅಂತರದಲ್ಲಿ ಮಾಡಿದ್ದು ಹೀಗೆಯೇ. ಎರಡು ಕಡೆಯಿಂದ ಬಂದ ಫೋಟಾನ್‌ಗಳು ನಡುವಿನ ನೆಲೆಯಲ್ಲಿ ಸೇರಿ, ಸರಿಯಾದ ಕ್ಲಿಕ್ ಕೊಟ್ಟ ಸಲಗಳು ಮಾತ್ರ ಲೆಕ್ಕಕ್ಕೆ ಬಂದವು. ಕಳೆದುಹೋದ ಫೋಟಾನ್ ಪರೀಕ್ಷೆಯ ಒಳಗೆ ಬರಲೇ ಇಲ್ಲ. ಅದಕ್ಕೆ ಅವರು ತೆತ್ತ ಬೆಲೆ ಸಮಯ: ದಿನಗಟ್ಟಲೆ ಕಾದು ಅವರಿಗೆ ಸಿಕ್ಕ ಸಲಗಳು 245.